ಸಂಜೆ ಹೊತ್ತು ಮಾತ್ರ ಪಿಸಿ ಆಫ್: ಹೊಸ ಕಾರ್ಡ್ ಹಾಕಬೇಕಾ?

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ. ಮಗ ಪ್ಲಸ್ ಟು ಓದುತ್ತಿದ್ದಾನೆ. ಕಳೆದ ವರ್ಷ ಅವನಿಗೆ ಆಟಕ್ಕೂ ವಿಡಿಯೋ ಎಡಿಟಿಂಗಿಗೂ ಆಗುವ ಹಾಗೆ ಒಂದು ಪಿಸಿ ಜೋಡಿಸಿ ಕೊಟ್ಟೆವು. ರೈಜನ್ 5 5600 ಪ್ರೊಸೆಸರು, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡು, ಕ್ಯಾಬಿನೆಟ್ ಜೊತೆಗೇ ಬಂದ 450 ವ್ಯಾಟ್ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬ). ಮಳೆಗಾಲದಲ್ಲಿ ಏನೂ ತೊಂದರೆ ಇರಲಿಲ್ಲ. ಫೆಬ್ರವರಿಯಿಂದ ಶುರುವಾಗಿದೆ. ಕಾರ್ ರೇಸ್ ಆಟ ಆಡುತ್ತಾ ಹತ್ತಿಪ್ಪತ್ತು ನಿಮಿಷ ಆಗುವಾಗ ಟಕ್ ಅಂತ ಪಿಸಿ ಆಫ್ ಆಗಿ, ತಾನೇ ಮತ್ತೆ ಆನ್ ಆಗುತ್ತದೆ. ಜಾಸ್ತಿ ಸಂಜೆ ಹೊತ್ತು. ರಜೆ ದಿನ ಬೆಳಗ್ಗೆ ಎರಡು ಗಂಟೆ ಆಡಿದರೂ ಏನೂ ಆಗುವುದಿಲ್ಲ. ಮಂಗಳೂರಿನ ಒಂದು ಅಂಗಡಿಗೆ ಕೊಂಡುಹೋದೆವು. ಅಲ್ಲಿ ಎರಡು ದಿನ ಇಟ್ಟುಕೊಂಡರು, ಒಮ್ಮೆಯೂ ಆಫ್ ಆಗಲಿಲ್ಲ. ಆದರೂ ಕಾರ್ಡು ಹೋಗಿರಬೇಕು, ಹೊಸದು ಹಾಕಿಸಿ ಅಂದರು. ಮತ್ತೆ ಅಷ್ಟು ಸಾವಿರ ಹಾಕುವುದಾ?
– ಓದುಗರು, ಬದಿಯಡ್ಕ

ಉತ್ತರ: ಈಗಲೇ ಬೇಡ. ನಿಮ್ಮ ಪತ್ರದಲ್ಲೇ ಮುಕ್ಕಾಲು ಉತ್ತರ ಇದೆ. ಬೆಳಗ್ಗೆ ಸರಿ, ಸಂಜೆ ಇಲ್ಲ. ಮಳೆಗಾಲದಲ್ಲಿ ಸರಿ, ಬೇಸಗೆಯಲ್ಲಿ ಇಲ್ಲ. ಮಂಗಳೂರಿನಲ್ಲಿ ಸರಿ, ನಿಮ್ಮ ಮನೆಯಲ್ಲಿ ಇಲ್ಲ. ಹಾಳಾದ ಕಾರ್ಡು ಆಗಿದ್ದರೆ ಮಂಗಳೂರಿನಲ್ಲೂ ಕೈಕೊಡಬೇಕಿತ್ತು ಅಲ್ವಾ? ಎರಡು ದಿನದಲ್ಲಿ ಒಂದು ಸಲವಾದರೂ.

ಪಿಸಿ ಯಾವ ರೀತಿ ಬೀಳುತ್ತದೆ ಅನ್ನುವುದನ್ನು ಮೊದಲು ನೋಡಬೇಕು. ಆಟ ಮಾತ್ರ ಮುಚ್ಚಿಹೋಗಿ, ಪರದೆ ಒಮ್ಮೆ ಕಪ್ಪಾಗಿ, ಮತ್ತೆ ಡೆಸ್ಕ್‌ಟಾಪ್ ಬಂದರೆ ಡ್ರೈವರಿನ, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರಿನ, ಕಡೆ ನೋಡಿ. ವಿಂಡೋಸ್ ಕಾರ್ಡಿಗೆ ಕೆಲಸ ಕೊಟ್ಟು 2 ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಕಾರ್ಡು ಓಗೊಡದಿದ್ದರೆ ಅದನ್ನು ನಿಲ್ಲಿಸಿ ಮತ್ತೆ ಶುರು ಮಾಡಿಸುತ್ತದೆ, ವಿಸ್ತಾ ಕಾಲದಿಂದಲೂ ಇದೇ ಕ್ರಮ. ಪರದೆಯಲ್ಲಿ ‘ನೋ ಸಿಗ್ನಲ್’ ಬಂದು, ಆಟದ ಶಬ್ದ ಮಾತ್ರ ಕೇಳುತ್ತಾ, ಕಾರ್ಡಿನ ಫ್ಯಾನು ಭರ್ರ್ ಅಂತ ಜೋರಾಗಿ ತಿರುಗಿದರೆ ತೊಂದರೆ ಕಾರ್ಡಿನಲ್ಲಿ ಅಥವಾ ಅದಕ್ಕೆ ಹೋಗುವ ಪವರ್ ವಯರಿನಲ್ಲಿ ಇರಬಹುದು. ನಿಮ್ಮದು ಇವೆರಡೂ ಅಲ್ಲ. ಯಾರೋ ಪ್ಲಗ್ ಎಳೆದ ಹಾಗೆ ಇಡೀ ಪಿಸಿಯೇ ಹೋಗುತ್ತದೆ. ಹಾಗೆ ಹೋದಾಗ ನನ್ನ ಮೊದಲ ಸಂಶಯ ಎಸ್‌ಎಂಪಿಎಸ್ ಮೇಲೆ ಮತ್ತು ಅದರ ಹಿಂದಿರುವ ಮನೆಯ ಕರೆಂಟಿನ ಮೇಲೆ.

ಮಗನ ಹತ್ತಿರ ಈವೆಂಟ್ ವ್ಯೂವರ್ ತೆಗೆದು ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್ ನೋಡಲು ಹೇಳಿ. ಆಫ್ ಆದ ಹೊತ್ತಿಗೆ ಸರಿಯಾಗಿ ‘ಕರ್ನಲ್ ಪವರ್ 41’ ಅಂತ ಇರುತ್ತದೆ. ಅದನ್ನು ನೋಡಿ ಹೆದರುವವರು ತುಂಬ ಜನ. ಅದರ ಅರ್ಥ ಇಷ್ಟೇ: ಪಿಸಿ ಸರಿಯಾಗಿ ಶಟ್‌ಡೌನ್ ಆಗದೆ ನಿಂತುಹೋಗಿದೆ. ಯಾಕೆ ಅಂತ ಅದು ಹೇಳುವುದಿಲ್ಲ. ಆದರೆ ಅದರ ಹಿಂದುಮುಂದು ‘ಡಿಸ್‌ಪ್ಲೇ 4101’ ಇದೆಯಾ ನೋಡಿ. ಡ್ರೈವರ್ ನಿಂತು ಮತ್ತೆ ಎದ್ದಿತು ಅನ್ನುವ ಗುರುತು ಅದು. ಅದು ಇಲ್ಲದೆ ಬರೀ 41 ಇದ್ದರೆ ಕರೆಂಟಿನ ಮೇಲಿನ ಸಂಶಯ ಇನ್ನೂ ಗಟ್ಟಿಯಾಗುತ್ತದೆ.

ಈಗ ಫೆಬ್ರವರಿಗೆ ಬರೋಣ. ನಮ್ಮ ಕಡೆ ಆಗ ತೋಟಕ್ಕೆ ನೀರು ಬಿಡುವ ಕಾಲ. ನಿಮ್ಮ ಪಂಪು, ನೆರೆಮನೆಯ ಪಂಪು, ಗುಡ್ಡೆಯ ಆಚೆಯವರ ಪಂಪು, ಎಲ್ಲ ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ. ಸಂಜೆ ಆಗುವಾಗ ಅದರ ಜೊತೆಗೆ ಲೈಟು, ಫ್ಯಾನು, ಎಸಿ, ಮಿಕ್ಸಿ ಸೇರುತ್ತದೆ. ಲೈನಿನ ಕೊನೆಯಲ್ಲಿರುವ ಮನೆಗೆ 230 ವೋಲ್ಟ್ ಬರಬೇಕಾದದ್ದು 190, 180 ಆದರೂ ಆಶ್ಚರ್ಯ ಇಲ್ಲ. ಅಷ್ಟರಲ್ಲಿ ಒಂದು ಪಂಪ್ ಆನ್ ಆಯಿತು ಅಂದುಕೊಳ್ಳಿ. ಮೋಟಾರು ಹೊರಡುವ ಆ ಕ್ಷಣಕ್ಕೆ, ಓಡುವಾಗ ಬೇಕಾಗುವುದರ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಬಲ್ಬು ಒಮ್ಮೆ ಮಂಕಾಗಿ ಸರಿಯಾಗುವುದನ್ನು ನೀವೇ ನೋಡಿರುತ್ತೀರಿ. ಬಲ್ಬಿಗೆ ಅದು ಬರೀ ಮಂಕು, ಸಸ್ತಾ ಎಸ್‌ಎಂಪಿಎಸ್‌ಗೆ ಅಷ್ಟು ಸಾಕು ಕೈಬಿಡಲು.

ಎಸ್‌ಎಂಪಿಎಸ್ ಡಬ್ಬದ ಬದಿಯಲ್ಲಿ ಅಂಟಿಸಿದ ಲೇಬಲ್ ಓದಿ. ದೊಡ್ಡ ಅಕ್ಷರದ 450 ನೋಡಬೇಡಿ. ಇನ್‌ಪುಟ್ ಎಷ್ಟು ಅಂತ ಬರೆದಿದೆ ನೋಡಿ. 100ರಿಂದ 240 ಅಂತ ಇದ್ದರೆ ಅದು ಕಡಿಮೆ ವೋಲ್ಟೇಜನ್ನೂ ತಾಳುತ್ತದೆ. 200ರಿಂದ 240 ಮಾತ್ರ ಇದ್ದರೆ ನಮ್ಮ ಕಡೆಯ ಬೇಸಗೆ ಸಂಜೆಗೆ ಅದು ಹೇಳಿದ್ದಲ್ಲ. ಆಮೇಲೆ 12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಇದೆ ನೋಡಿ. 18 ಅಂತ ಇದ್ದರೆ 12 ಗುಣಿಸು 18, ಅಂದರೆ 216 ವ್ಯಾಟ್. ನಿಮ್ಮ ಕಾರ್ಡ್ ಒಂದೇ 170 ವ್ಯಾಟ್ ಎಳೆಯುತ್ತದೆ, ಪ್ರೊಸೆಸರು ಪೂರ್ತಿ ಕೆಲಸ ಮಾಡುವಾಗ 76ರವರೆಗೆ ಹೋಗುತ್ತದೆ. ಅಲ್ಲಿಗೇ 246 ಆಯಿತು. ಸಾಲದ್ದಕ್ಕೆ ಆಟದಲ್ಲಿ ದೃಶ್ಯ ಬದಲಾಗುವಾಗ ಕಾರ್ಡು ಒಂದೆರಡು ಮಿಲಿಸೆಕೆಂಡ್ ಮಟ್ಟಿಗೆ 170ಕ್ಕಿಂತ ತುಂಬ ಜಾಸ್ತಿ ಎಳೆಯುತ್ತದೆ. ಈ ಕಾರ್ಡಿಗೆ 550 ವ್ಯಾಟ್ ಎಸ್‌ಎಂಪಿಎಸ್ ಹಾಕಿ ಅಂತ ಎನ್‌ವಿಡಿಯಾದವರೇ ಹೇಳುವುದು ಸುಮ್ನೆ ಅಲ್ಲ.

ಖರ್ಚಿಲ್ಲದ ಎರಡು ಪರೀಕ್ಷೆ ಇದೆ. ಒಂದು, ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿ ಕಾರ್ಡಿನ ಪವರ್ ಲಿಮಿಟನ್ನು ಶೇಕಡಾ 70ಕ್ಕೆ ಇಳಿಸಿ, ಆಟದ ಫ್ರೇಮ್ ರೇಟನ್ನು 60ಕ್ಕೆ ಕಟ್ಟಿ. ಹಾಗೆ ಒಂದು ವಾರ ಸಂಜೆ ಆಡಲಿ. ಆಫ್ ಆಗುವುದು ನಿಂತರೆ ಕಾರ್ಡು ಚೆನ್ನಾಗಿದೆ, ಅದಕ್ಕೆ ಊಟ ಸಾಲುತ್ತಿಲ್ಲ ಅಂತ ಲೆಕ್ಕ. ಇನ್ನೊಂದು, ಬೆಳಗ್ಗೆ ಮಾಡಿ. ಮಗ ಬೇರೆಲ್ಲ ಕೆಲಸ ಸೇವ್ ಮಾಡಿ ಮುಚ್ಚಿ, ಆಟ ಶುರು ಮಾಡಲಿ. ನೀವು ಪಂಪಿನ ಸ್ವಿಚ್ಚಿನ ಹತ್ತಿರ ನಿಲ್ಲಿ. ಅವನ ಕಾರು ರೇಸಿನ ಮಧ್ಯ ಇರುವಾಗ ಪಂಪ್ ಆನ್ ಮಾಡಿ. ಐದು ನಿಮಿಷ ಬಿಟ್ಟು ಇನ್ನೊಮ್ಮೆ. ಕೋಣೆಯಿಂದ ‘ಅಪ್ಪಾ, ಹೋಯ್ತು’ ಅಂತ ಕೂಗು ಬಂದರೆ ಸಿಕ್ಕಿತು.

ತೋಟ ಇರುವ ಮನೆ ಆದ್ದರಿಂದ ನಿಮ್ಮಲ್ಲಿ ಮೂರು ಫೇಸ್ ಇರಬಹುದು. ಪಂಪು ಸಿಂಗಲ್ ಫೇಸಿನದ್ದಾದರೆ ಅದೂ ಮಗನ ಕೋಣೆಯೂ ಒಂದೇ ಫೇಸಿನಲ್ಲಿ ಇದೆಯಾ ಅಂತ ವಯರಿಂಗ್ ಮಾಡಿದವರನ್ನು ಕೇಳಿ. ಕೋಣೆಯನ್ನು ಬೇರೆ ಫೇಸಿಗೆ ಹಾಕುವುದು ಅವರಿಗೆ ಅರ್ಧ ಗಂಟೆಯ ಕೆಲಸ. ನೀವೇ ಬೋರ್ಡ್ ಬಿಚ್ಚಬೇಡಿ. ಒಂದು ಕಡೆಯ ಬಲ್ಬು ಮಂಕಾಗಿ ಇನ್ನೊಂದು ಕಡೆಯದ್ದು ಕಣ್ಣಿಗೆ ಹೊಡೆಯುವಷ್ಟು ಉರಿದರೆ ಮಾತ್ರ ಪರೀಕ್ಷೆ ಗಿರೀಕ್ಷೆ ಬಿಟ್ಟು ಮೈನ್ ಆಫ್ ಮಾಡಿ, ಕೆಎಸ್‌ಇಬಿಯ (ಕರೆಂಟ್ ಆಫೀಸಿನ) 1912ಕ್ಕೆ ಫೋನ್ ಮಾಡಿ. ನ್ಯೂಟ್ರಲ್ ಬಿಟ್ಟುಹೋಗುವ ಲಕ್ಷಣ ಅದು, ಮನೆಯ ಸಾಮಾನೆಲ್ಲ ಸುಟ್ಟುಹೋಗಬಹುದು.

ಕೊನೆಗೆ ಹಣ ಹಾಕಲೇಬೇಕಾದರೆ ಒಳ್ಳೆಯ 550 ವ್ಯಾಟ್ ಎಸ್‌ಎಂಪಿಎಸ್‌ಗೆ ಹಾಕಿ. ‘80 ಪ್ಲಸ್ ಬ್ರಾಂಜ್’ ಗುರುತು, 100–240 ಇನ್‌ಪುಟ್ ಎರಡೂ ಇರಲಿ. ನಾಲ್ಕೈದು ಸಾವಿರದಲ್ಲಿ ಆಗುತ್ತದೆ. ಹಳೆಯದನ್ನು ಬಿಚ್ಚುವಾಗ ಕಾರ್ಡಿಗೆ ಹೋಗುವ 8 ಪಿನ್ನಿನ ವಯರನ್ನೂ ನೋಡಿ. ಎಸ್‌ಎಂಪಿಎಸ್‌ನಿಂದ ನೇರ ಬಂದಿದೆಯಾ, ಅಥವಾ ಹಾರ್ಡ್ ಡಿಸ್ಕಿನ ನಾಲ್ಕು ಪಿನ್ನಿಗೆ ಒಂದು ಕನ್ವರ್ಟರ್ ಸಿಕ್ಕಿಸಿ ತಂದಿದ್ದಾರಾ? ಕನ್ವರ್ಟರ್ ಇದ್ದರೆ, ಅದರ ಬಿಳಿ ಪ್ಲಾಸ್ಟಿಕ್ ತುದಿ ಕಂದು ಬಣ್ಣಕ್ಕೆ ತಿರುಗಿದ್ದರೆ, ಆ ಪಿಸಿಯನ್ನು ಇನ್ನೊಂದು ದಿನವೂ ಓಡಿಸಬೇಡಿ. ಇಷ್ಟೆಲ್ಲ ಮಾಡಿಯೂ ಸರಿಯಾಗದೆ ಕಾರ್ಡೇ ಹೋಗಿದೆ ಅಂತ ಗೊತ್ತಾದರೂ ಹೊಸದು ಕೊಳ್ಳುವ ಮೊದಲು ಬಿಲ್ ಹುಡುಕಿ. ಕಾರ್ಡಿಗೆ ಸಾಮಾನ್ಯವಾಗಿ ಮೂರು ವರ್ಷ ವಾರಂಟಿ ಇರುತ್ತದೆ, ನಿಮ್ಮದು ತೆಗೆದು ಒಂದೇ ವರ್ಷ.

ಪ್ರಶ್ನೆ: ಆಟ ಆಡುವಾಗ ಕಾರ್ಡಿನ ಬಿಸಿ 85 ಡಿಗ್ರಿ ದಾಟುತ್ತದೆ, ಆಮೇಲೆ ಆಟ ಕುಂಟುತ್ತದೆ, ಕೆಲವೊಮ್ಮೆ ಹ್ಯಾಂಗ್. ಕ್ಯಾಬಿನೆಟ್ಟಿನ ಬದಿಯ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಇಟ್ಟರೆ ಸಾಕಾ?
– ಓದುಗರು, ನೀರ್ಚಾಲು

ಉತ್ತರ: ಪರೀಕ್ಷೆಗೆ ಸಾಕು. ಫ್ಯಾನ್ ಇಟ್ಟಾಗ ಹತ್ತು ಡಿಗ್ರಿ ಇಳಿದರೆ ಕ್ಯಾಬಿನೆಟ್ ಒಳಗೆ ಗಾಳಿ ಓಡುತ್ತಿಲ್ಲ ಅಂತ ಗೊತ್ತಾಗುತ್ತದೆ. ಆದರೆ ಅದನ್ನೇ ಅಭ್ಯಾಸ ಮಾಡಬೇಡಿ. ತೆರೆದಿಟ್ಟ ಪಿಸಿಯೊಳಗೆ ನಮ್ಮ ಕಡೆ ಇರುವೆ, ಹಲ್ಲಿ ಹೊಕ್ಕದೆ ಬಿಡುವುದಿಲ್ಲ.

ಒಂದು ಸಂಗತಿ ಹೇಳುತ್ತೇನೆ. ನಮ್ಮ ಸಂಬಂಧಿಕರ ಮನೆಯಲ್ಲಿ ಇದೇ ತೊಂದರೆ ಇತ್ತು. ಪಿಸಿ ಇದ್ದದ್ದು ಜಗಲಿಗೆ ತಾಗಿದ ಕೋಣೆಯಲ್ಲಿ, ಚಾಲಿ (ಒಣ ಅಡಿಕೆ) ಸುಲಿಯುತ್ತಿದ್ದದ್ದು ಅದೇ ಜಗಲಿಯಲ್ಲಿ. ಹೊರಗಿನಿಂದ ನೋಡಿದರೆ ಕಾರ್ಡು ಚೊಕ್ಕ, ಫ್ಯಾನಿನ ರೆಕ್ಕೆಯಲ್ಲಿ ಒಂದಿಷ್ಟು ಧೂಳು ಅಷ್ಟೆ. ಟಾರ್ಚ್ ಹಿಡಿದು ರೆಕ್ಕೆಗಳ ಎಡೆಯಿಂದ ಒಳಗೆ ನೋಡಿದೆ. ಅಲ್ಯೂಮಿನಿಯಂ ಪಟ್ಟಿಗಳು ಕಾಣುವುದೇ ಇಲ್ಲ! ಅಡಿಕೆ ಸಿಪ್ಪೆಯ ಸಣ್ಣ ನಾರು, ಧೂಳು, ಮಳೆಗಾಲದ ತೇವ ಸೇರಿ ಕಂದು ಕಂಬಳಿಯ ಹಾಗೆ ಒಂದು ಪದರ ಕೂತಿತ್ತು. ಹಲ್ಲುಜ್ಜುವ ಹಳೆ ಬ್ರಷ್ಷಿನ ತುದಿಯಿಂದ ಎಬ್ಬಿಸಿದಾಗ ತುಂಡಾಗದೆ ಒಂದೇ ಹಾಳೆಯಾಗಿ ಎದ್ದು ಬಂತು. ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್ ಬದಲಿಸಲಿಲ್ಲ, ಬೇರೇನೂ ಮಾಡಲಿಲ್ಲ, ಆ ಹಾಳೆ ತೆಗೆದದ್ದಕ್ಕೇ ಆಟ ಸರಿಯಾಯಿತು.

ಪ್ಲಗ್ ತೆಗೆದು, ಕಾರ್ಡ್ ಹೊರಗೆ ತೆಗೆದು, ಬ್ಲೋವರ್ ಹಿಡಿಯಿರಿ. ಗಾಳಿ ಬಿಡುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಅದು ಅತಿ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಅಡಿಕೆ ಸುಲಿಯುವ ಮನೆಯಾದರೆ ಮೂರು ತಿಂಗಳಿಗೊಮ್ಮೆ. ಪಿಸಿಯನ್ನು ಒಳಕೋಣೆಗೆ ಸಾಗಿಸಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರ್ಡ್ ತೆಗೆದುಕೊಂಡೆ. ಆಟದಲ್ಲಿ ಬಣ್ಣ ಬಣ್ಣದ ಚೌಕಗಳು ಬಂದು ಕ್ರ್ಯಾಶ್ ಆಗುತ್ತದೆ. ಕಾರ್ಡನ್ನು ಓವನ್‌ನಲ್ಲಿಟ್ಟು ಬಿಸಿ ಮಾಡಿದರೆ ಸರಿಯಾಗುತ್ತದೆ ಅಂತ ವಿಡಿಯೋ ನೋಡಿದೆ. ಮಾಡಲಾ?
– ಓದುಗರು, ಮಂಜೇಶ್ವರ

ಉತ್ತರ: ದಯವಿಟ್ಟು ಮಾಡಬೇಡಿ. ಕಾರ್ಡಿನ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು, ಆ ಬಿಸಿಗೆ ಪ್ಲಾಸ್ಟಿಕ್ ಕನೆಕ್ಟರ್, ಕೆಪಾಸಿಟರ್ ಎಲ್ಲ ಕೆಡುತ್ತವೆ. ಅದಕ್ಕಿಂತ ಕಡಿಮೆ ಬಿಸಿಗೆ ಬೆಸುಗೆ ಕರಗುವುದೇ ಇಲ್ಲ. ಎದ್ದರೂ ನಾಲ್ಕು ದಿನ ಮಾತ್ರ. ಆ ಓವನ್‌ನಲ್ಲಿ ಮತ್ತೆ ತಿಂಡಿ ಮಾಡುವುದೂ ಸರಿಯಲ್ಲ.

ಬಣ್ಣದ ಚೌಕ ಅಂದರೆ ಹೆಚ್ಚಾಗಿ ಕಾರ್ಡಿನ ಮೆಮರಿಯ ತೊಂದರೆ. ಆಫ್ಟರ್‌ಬರ್ನರ್‌ನಲ್ಲಿ ಮೆಮರಿ ಕ್ಲಾಕನ್ನು, ಅಂದರೆ ಅದರ ವೇಗವನ್ನು, 300 ಮೆಗಾಹರ್ಟ್ಸ್‌ನಷ್ಟು ಇಳಿಸಿ ನೋಡಿ. ಚೌಕ ನಿಂತರೆ ಮೆಮರಿ ದುರ್ಬಲ ಆಗಿದೆ, ಹಾಗೇ ಇಳಿಸಿಟ್ಟು ಎಷ್ಟು ದಿನ ಬರುತ್ತದೋ ಓಡಿಸಿ. ಅದಕ್ಕೂ ಮೊದಲು ಕಾರ್ಡನ್ನು ಸ್ಲಾಟಿನಿಂದ ತೆಗೆದು ಚಿನ್ನದ ಬಣ್ಣದ ಅಂಚನ್ನು ಬೆಳಕಿಗೆ ಹಿಡಿಯಿರಿ. ನೀವು ಕಡಲ ಬದಿಯವರು. ಉಪ್ಪು ಗಾಳಿಗೆ ಅಲ್ಲಿ ಮಸುಕು ಕಲೆ ಕೂತಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ ಮತ್ತೆ ಹಾಕಿ. ಕ್ಲಾಕ್ ಇಳಿಸಿಯೂ, ಒರೆಸಿಯೂ ಚೌಕ ಹೋಗದಿದ್ದರೆ ಮಾರಿದವರಿಗೆ ಇವತ್ತೇ ವಿಡಿಯೋ ತೆಗೆದು ಕಳಿಸಿ, ದಿನ ಕಳೆದಷ್ಟೂ ಅವರು ಕೇಳಿಸಿಕೊಳ್ಳುವುದಿಲ್ಲ.

ಪ್ರಶ್ನೆ: ಡ್ರೈವರ್ ಅಪ್‌ಡೇಟ್ ಮಾಡಿದ ಮೇಲೆ ಆಟ ಮಧ್ಯದಲ್ಲಿ ಮುಚ್ಚಿಹೋಗುತ್ತಿದೆ. ವಿಂಡೋಸಿನ ರಿಜಿಸ್ಟ್ರಿಯಲ್ಲಿ, ಕಾರ್ಡಿಗಾಗಿ ಅದು ಕಾಯುವ ಆ 2 ಸೆಕೆಂಡನ್ನು 10 ಮಾಡಿ ಅಂತ ಒಬ್ಬರು ಹೇಳಿದರು.
– ಓದುಗರು, ಮುಳ್ಳೇರಿಯ

ಉತ್ತರ: ಅದರಿಂದ ಪರದೆ 2 ಸೆಕೆಂಡ್ ಬದಲು 10 ಸೆಕೆಂಡ್ ಹೆಪ್ಪುಗಟ್ಟಿ ನಿಲ್ಲುತ್ತದೆ, ಅಷ್ಟೇ. ಅಪ್‌ಡೇಟ್ ಮೊದಲು ಸರಿಯಿತ್ತು ಅಂದಮೇಲೆ ಹಳೆಯ ಡ್ರೈವರಿಗೆ ಹೋಗಿ. ಅದನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟು, ನೆಟ್ ಕಿತ್ತು, ಸೇಫ್ ಮೋಡ್‌ನಲ್ಲಿ ಡಿಡಿಯು (ಡ್ರೈವರ್ ತೆಗೆಯುವ ಸಾಫ್ಟ್‌ವೇರ್) ಓಡಿಸಿ ಈಗಿನದ್ದನ್ನು ಬುಡಸಮೇತ ತೆಗೆದು, ಆಮೇಲೆ ಹಳೆಯದು ಹಾಕಿ. ನೆಟ್ ಕೀಳದಿದ್ದರೆ ನೀವು ಹಾಕುವ ಮೊದಲೇ ವಿಂಡೋಸ್ ತನ್ನದೊಂದನ್ನು ತಂದು ಹಾಕುತ್ತದೆ. ಆಗಲೂ ನಿಲ್ಲದಿದ್ದರೆ ಬಯೋಸ್‌ನಲ್ಲಿ ರ್‍ಯಾಮಿನ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆಫ್ ಮಾಡಿ, ಒಂದು ರಾತ್ರಿ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ 86 ಓಡಿಸಿ. ರ್‍ಯಾಮ್ ಕೆಟ್ಟರೂ ಬೈಗುಳ ತಿನ್ನುವುದು ಗ್ರಾಫಿಕ್ಸ್ ಕಾರ್ಡೇ.

ಪ್ರಶ್ನೆ: ಸಿಡಿಲು ಬರುವಾಗ ಸ್ವಿಚ್ ಆಫ್ ಮಾಡಿದರೆ ಸಾಕಾ?
– ಓದುಗರು, ಪೆರ್ಲ

ಉತ್ತರ: ಸಾಲದು. ಪ್ಲಗ್ಗನ್ನೇ ಕೀಳಬೇಕು, ಅದೂ ದೂರದಲ್ಲಿ ಗುಡುಗು ಕೇಳುವಾಗಲೇ. ಏಪ್ರಿಲ್–ಮೇ ಸಂಜೆಗಳಲ್ಲೂ ತುಲಾ ಮಳೆಯ (ಅಕ್ಟೋಬರ್–ನವೆಂಬರ್) ದಿನಗಳಲ್ಲೂ ಇದನ್ನು ಮರೆಯಬೇಡಿ. ಜೊತೆಗೆ ಲ್ಯಾನ್ ವಯರನ್ನೂ ತೆಗೆಯಿರಿ. ಈಗ ಮನೆಗೆ ಬರುವುದು ಫೈಬರ್, ಅದರಲ್ಲಿ ಕರೆಂಟ್ ಹರಿಯುವುದಿಲ್ಲ ಅನ್ನುವುದು ನಿಜ. ಆದರೆ ರೂಟರಿನ ಅಡಾಪ್ಟರು ಗೋಡೆಯ ಪ್ಲಗ್ಗಿನಲ್ಲೇ ಇರುತ್ತದೆ, ಅಲ್ಲಿಂದ ಪಿಸಿಗೆ ಬರುವುದು ತಾಮ್ರದ ವಯರು.