ಪ್ರವಾಸದಲ್ಲಿದ್ದಾಗ ಮ್ಯೂಸಿಕಲ್ ನಾಟಕಕ್ಕೆ ಅದೇ ದಿನ ಟಿಕೆಟ್ ಸಿಗುತ್ತದಾ?

ಸಿಗುತ್ತದೆ. ಆನ್‌ಲೈನ್‌ನಲ್ಲಿ ‘ಸೋಲ್ಡ್ ಔಟ್’ ಅಂತ ಕಂಡರೂ ಆಸೆ ಬಿಡಬೇಡಿ. ಮೊದಲು ಥಿಯೇಟರಿನ ಬಾಕ್ಸ್ ಆಫೀಸಿಗೇ, ಅಂದರೆ ಅಲ್ಲಿನ ಟಿಕೆಟ್ ಕೌಂಟರಿಗೇ, ಹೋಗಿ ಕೇಳಿ. ಯಾರೋ ವಾಪಸ್ ಕೊಟ್ಟ ಸೀಟು, ಅತಿಥಿಗಳಿಗೆ ಅಂತ ತೆಗೆದಿಟ್ಟು ಉಳಿದ ಸೀಟು ಆಟದ ದಿನವೇ ಕೌಂಟರಿಗೆ ಬರುತ್ತವೆ, ಕೆಲವೊಮ್ಮೆ ಪರದೆ ಏಳೋಕೆ ಅರ್ಧ ಗಂಟೆ ಇರುವಾಗ. ಒಂಟಿ ಸೀಟು ಬೇಗ ಸಿಗುತ್ತದೆ. ಇಬ್ಬರಿದ್ದರೆ ಬೇರೆ ಬೇರೆ ಕಡೆ ಕೂರೋಕೆ ಒಪ್ಪಿಕೊಳ್ಳಿ, ಆಟ ನಡೆಯುವಾಗ ಹೇಗೂ ಮಾತಾಡುವುದಿಲ್ಲ ಅಲ್ವಾ?

ನ್ಯೂಯಾರ್ಕ್‌ನಲ್ಲಾದರೆ ಟೈಮ್ಸ್ ಸ್ಕ್ವೇರ್‌ನ ಕೆಂಪು ಮೆಟ್ಟಿಲುಗಳ ಕೆಳಗೆ ಟಿ.ಕೆ.ಟಿ.ಎಸ್. ಕೌಂಟರ್ ಇದೆ. 1973ರಲ್ಲಿ ಶುರುವಾದದ್ದು, ಅದೇ ದಿನದ ಟಿಕೆಟ್ ಕಡಿಮೆ ದರಕ್ಕೆ ಕೊಡುತ್ತಾರೆ. ಲಂಡನ್ನಿನ ಲೆಸ್ಟರ್ ಸ್ಕ್ವೇರ್‌ನಲ್ಲೂ ಇದೆ. ತುಂಬಾ ಹೆಸರು ಮಾಡಿದ ಆಟ ಅಲ್ಲಿ ಸಿಗುವುದು ಕಷ್ಟ. ಅಂಥದ್ದಕ್ಕೆ ಲಾಟರಿ, ಅಂದರೆ ಹೆಸರು ಕೊಟ್ಟವರಲ್ಲಿ ಚೀಟಿ ಎತ್ತಿ ಟಿಕೆಟ್ ಕೊಡುವ ಪದ್ಧತಿ, ಇದೆಯಾ ನೋಡಿ. ಬೀದಿಯಲ್ಲಿ ಟಿಕೆಟ್ ಹಿಡಿದು ನಿಂತವರಿಂದ ಮಾತ್ರ ಕೊಳ್ಳಬೇಡಿ.