ಇಂಟರಪ್ಟ್ ಹ್ಯಾಂಡ್ಲರ್‌ಗೆ ಆರ್ಗ್ಯುಮೆಂಟ್ ಕೊಡುವುದು ಹೇಗೆ?

ಪ್ರಶ್ನೆ: ಎಸ್‌ಟಿಎಂ32 ಮೈಕ್ರೋಕಂಟ್ರೋಲರ್ ಬೋರ್ಡಿನಲ್ಲಿ ಮೂರು ಯುಆರ್ಟ್ (ಸೀರಿಯಲ್ ಪೋರ್ಟ್) ಬಳಸುತ್ತಿದ್ದೇನೆ. ಮೂರರ ಕೆಲಸವೂ ಒಂದೇ, ಬಫರ್ ಮಾತ್ರ ಬೇರೆ ಬೇರೆ. ಒಂದೇ ಇಂಟರಪ್ಟ್ ಹ್ಯಾಂಡ್ಲರ್ (ಸಾಧನ ಸೂಚನೆ ಕೊಟ್ಟ ಕೂಡಲೇ ಓಡುವ ಫಂಕ್ಷನ್) ಬರೆದು, ಅದಕ್ಕೆ ಬಫರಿನ ಪಾಯಿಂಟರ್ ಆರ್ಗ್ಯುಮೆಂಟ್ ಇಟ್ಟೆ. ಒಳಗೆ ನೋಡಿದರೆ ಏನೇನೋ ಬೆಲೆ ಬರುತ್ತಿದೆ. ಯಾಕೆ ಸರ್?

ಉತ್ತರ: ಆ ಹ್ಯಾಂಡ್ಲರನ್ನು ಕರೆಯುವುದು ನಿಮ್ಮ ಕೋಡ್ ಅಲ್ಲ, ಹಾರ್ಡ್‌ವೇರ್. ಇಂಟರಪ್ಟ್ ಬಂದ ಕೂಡಲೇ ನಿಮ್ಮ ಬೋರ್ಡಿನ ಕಾರ್ಟೆಕ್ಸ್-ಎಂ ಪ್ರೊಸೆಸರ್ ಎಂಟು ರಿಜಿಸ್ಟರ್‌ಗಳನ್ನು ಸ್ಟ್ಯಾಕ್‌ಗೆ ಹಾಕುತ್ತದೆ, ವೆಕ್ಟರ್ ಟೇಬಲ್‌ನಿಂದ (ಯಾವ ಇಂಟರಪ್ಟ್‌ಗೆ ಯಾವ ಹ್ಯಾಂಡ್ಲರ್ ಎಂಬ ಪಟ್ಟಿ) ವಿಳಾಸ ಓದಿ ಅಲ್ಲಿಗೆ ಜಿಗಿಯುತ್ತದೆ. ಆ ಟೇಬಲ್‌ನಲ್ಲಿ ಹ್ಯಾಂಡ್ಲರಿನ ವಿಳಾಸಕ್ಕೆ ಮಾತ್ರ ಜಾಗ, ನಿಮ್ಮ ಬಫರಿನ ಪಾಯಿಂಟರ್‌ಗೆ ಇಲ್ಲ. ಸಿ ಫಂಕ್ಷನ್ ತನ್ನ ಮೊದಲ ಆರ್ಗ್ಯುಮೆಂಟನ್ನು ಆರ್0 ರಿಜಿಸ್ಟರ್‌ನಲ್ಲಿ ಹುಡುಕುತ್ತದೆ. ಅಲ್ಲಿ ಆ ಹೊತ್ತಿಗೆ ಯಾವ ಬೆಲೆ ಇರುತ್ತದೋ ಹೇಳುವವರು ಯಾರೂ ಇಲ್ಲ, ಅಲ್ವಾ?

ನಿಮಗೆ ಇರುವುದು ಮೂರೇ ಪೋರ್ಟ್. ಹಾಗಾಗಿ ಸುಲಭದ ದಾರಿಯನ್ನೇ ಹಿಡಿಯಿರಿ. ಪ್ರತಿ ಯುಆರ್ಟ್‌ಗೂ ಆರ್ಗ್ಯುಮೆಂಟ್ ಇಲ್ಲದ ಪುಟ್ಟ ಹ್ಯಾಂಡ್ಲರ್ ಬರೆಯಿರಿ. ಒಳಗೆ ಒಂದೇ ಸಾಲು: ತನ್ನ ಪೋರ್ಟಿನ ವಿಳಾಸ ಕೊಟ್ಟು ಎಲ್ಲಕ್ಕೂ ಸೇರಿದ ಫಂಕ್ಷನ್ ಕರೆಯುವುದು. ಈ ಚಿಪ್ ತಯಾರಿಸುವ ಎಸ್‌ಟಿಯವರ ಹ್ಯಾಲ್ ಲೈಬ್ರರಿಯೂ ಮಾಡುವುದು ಇದನ್ನೇ. ಒಂದು ಕರೆ ಜಾಸ್ತಿ ಆದರೆ ಹೋಗುವುದು ಕೆಲವೇ ಕ್ಲಾಕ್ ಸೈಕಲ್. ಯುಆರ್ಟ್ ವೇಗಕ್ಕೆ ಅದು ಲೆಕ್ಕಕ್ಕೇ ಇಲ್ಲ.

ಸಾಧನಗಳು ಜಾಸ್ತಿ ಇದ್ದಾಗ ನಮ್ಮದೇ ಟೇಬಲ್ ಇಟ್ಟುಕೊಳ್ಳಬಹುದು: ಪ್ರತಿ ಸಾಲಿನಲ್ಲೂ ಒಂದು ಫಂಕ್ಷನ್, ಒಂದು ಪಾಯಿಂಟರ್. ಈಗ ಓಡುತ್ತಿರುವ ಹ್ಯಾಂಡ್ಲರ್ ಯಾವುದೆಂದು ತಿಳಿಸುವ ಐಪಿಎಸ್‌ಆರ್ ರಿಜಿಸ್ಟರ್ ಓದಿ 16 ಕಳೆದರೆ ಇಂಟರಪ್ಟ್ ನಂಬರ್ ಸಿಗುತ್ತದೆ, ಅದೇ ಸಾಲಿನ ನಂಬರ್. ಝೆಫರ್, ವಿಎಕ್ಸ್‌ವರ್ಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗಳು, ಇಎಸ್‌ಪಿ32 ಚಿಪ್‌ಗೆ ಕೋಡ್ ಬರೆಯಲು ಬಳಸುವ ಐಡಿಎಫ್ ಇವೆಲ್ಲ ಹ್ಯಾಂಡ್ಲರ್ ಜೊತೆ ಪಾಯಿಂಟರನ್ನೂ ಕೇಳಿ ಪಡೆದು, ಇಂಟರಪ್ಟ್ ಬಂದಾಗ ಹ್ಯಾಂಡ್ಲರ್‌ಗೆ ಕೊಡುತ್ತವೆ. ಝೆಫರ್‌ನ ಸಾಮಾನ್ಯ ವಿಧಾನದಲ್ಲಿ ಮಾತ್ರ ಆ ಪಾಯಿಂಟರ್ ಬಿಲ್ಡ್ ಮಾಡುವಾಗಲೇ ಗೊತ್ತಿರಬೇಕು.

ನನಗೆ ನಿಜವಾಗಿ ಚಿಂತೆ ಇರುವುದು ಪಾಯಿಂಟರ್ ತೋರಿಸುವ ಜಾಗದ ಬಗ್ಗೆ. ಇನಿಷಿಯಲೈಸ್ ಮಾಡುವ ಫಂಕ್ಷನ್ನಿನ ಲೋಕಲ್ ವೇರಿಯಬಲ್ ವಿಳಾಸವನ್ನು ಕೊಡಲೇಬೇಡಿ. ಫಂಕ್ಷನ್ ಮುಗಿದ ಮೇಲೆ ಆ ಸ್ಟ್ಯಾಕ್ ಜಾಗ ಬೇರೆಯವರ ಪಾಲು. ಟೆಸ್ಟ್ ಮಾಡುವಾಗ ಸರಿಯಾಗಿಯೇ ಓಡುತ್ತದೆ, ಗಿರಾಕಿಯ ಕೈಯಲ್ಲಿ ಕೆಡುತ್ತದೆ. ಆ ವೇರಿಯಬಲನ್ನು ಸ್ಟ್ಯಾಟಿಕ್ ಮಾಡಿ. ಪಾಯಿಂಟರ್ ತುಂಬಿದ ನಂತರವೇ ಇಂಟರಪ್ಟ್ ಎನೇಬಲ್ ಮಾಡಿ.

ವೇರಿಯಬಲ್‌ಗೆ ವೊಲಟೈಲ್ (ಪ್ರತಿ ಸಲ ಮೆಮೊರಿಯಿಂದಲೇ ಓದು ಎಂದು ಕಂಪೈಲರ್‌ಗೆ ಹೇಳುವ ಪದ) ಹಾಕಿದರೆ ಸಾಕು ಅಂತ ಸುಮ್ನೆ ಕೂರಬೇಡಿ. ಹ್ಯಾಂಡ್ಲರ್ ಮತ್ತು ಟಾಸ್ಕ್ (ಡೇಟಾ ಬಳಸುವ ನಿಮ್ಮ ಸಾಮಾನ್ಯ ಕೋಡ್) ಎರಡೂ ಒಂದೇ ಕೌಂಟರನ್ನು ಹೆಚ್ಚಿಸುತ್ತಾ ತಗ್ಗಿಸುತ್ತಾ ಇದ್ದರೆ ಲೆಕ್ಕ ತಪ್ಪುತ್ತದೆ. ರಿಂಗ್ ಬಫರಿನಲ್ಲಿ (ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿಗೆ ಬರುವ ಬಫರ್) ಹೆಡ್, ಅಂದರೆ ಬರೆಯುವ ಜಾಗ, ಬದಲಿಸುವ ಹಕ್ಕು ಹ್ಯಾಂಡ್ಲರ್‌ಗೆ ಮಾತ್ರ, ಟೇಲ್, ಅಂದರೆ ಓದುವ ಜಾಗ, ಬದಲಿಸುವ ಹಕ್ಕು ಟಾಸ್ಕ್‌ಗೆ ಮಾತ್ರ ಇರಲಿ.