ಫೇರ್ ಕ್ಯಾಚ್ ಕಿಕ್ ಕಣ್ಕಟ್ಟಲ್ಲ, ನಿಯಮ

ಪಂಟ್ ಎಂದರೇನು, ಫೀಲ್ಡ್ ಗೋಲಿಗೆ ಎಷ್ಟು ಅಂಕ ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ. ಅಮೆರಿಕದಲ್ಲಿ ಮಕ್ಕಳನ್ನು ಫುಟ್‌ಬಾಲ್ ಆಡಲು ಕಳಿಸುವ, ಭಾನುವಾರ ಟಿವಿಯ ಮುಂದೆ ಕೂರುವ ಕನ್ನಡಿಗರಿಗೆ ಅದು ಗೊತ್ತಿದೆ. ಆದರೆ ಕೆಳಗಿನ ಮೊದಲನೆಯ ಪ್ರಶ್ನೆಗೆ ಉತ್ತರಿಸಿ ಉತ್ತರಿಸಿ ನನಗೆ ಸಾಕಾಗಿದೆ. ಈ ಸಲ ಪೂರ್ತಿಯಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಕೊನೆಯವರೆಗೆ ಓದಿ.

ಪ್ರಶ್ನೆ: 2024ರಲ್ಲಿ ಚಾರ್ಜರ್ಸ್ ತಂಡದವನು ಕಿಕ್ ಹೊಡೆಯುವಾಗ ಎದುರಾಳಿಗಳೆಲ್ಲ ದೂರ ನಿಂತು ನೋಡುತ್ತಿದ್ದರು. ಇದು ರೆಫರಿ ಆ ತಂಡಕ್ಕೆ ಮಾಡಿಕೊಟ್ಟ ಉಪಕಾರವಲ್ಲವೇ?

ಅಲ್ಲ. ನಿಯಮ ಪುಸ್ತಕದಲ್ಲಿ ಬಹಳ ಹಿಂದಿನಿಂದ ಇರುವ ಹಕ್ಕು ಅದು. ಪಂಟ್ ಆಗಿ ಬರುವ ಚೆಂಡನ್ನು ಕೈ ಬೀಸಿ ಫೇರ್ ಕ್ಯಾಚ್ ಮಾಡಿದ, ಅಂದರೆ ಹಿಡಿದು ಓಡುವುದಿಲ್ಲ ಎಂದು ಸನ್ನೆ ಮಾಡಿ ಅಡ್ಡಿಯಿಲ್ಲದೆ ಹಿಡಿದ ತಂಡ, ಬೇಕೆಂದರೆ ಹಿಡಿದ ಜಾಗದಿಂದಲೇ ಗೋಲಿನತ್ತ ಒಂದು ಫ್ರೀ ಕಿಕ್ ಹೊಡೆಯಬಹುದು. ಚೆಂಡು ಗಾಳಿಯಲ್ಲಿರುವಾಗಲೇ ಆ ಅರ್ಧದ ಸಮಯ ಮುಗಿದಿದ್ದರೂ ಈ ಒಂದು ಕಿಕ್‌ಗೆ ಅವಕಾಶವಿದೆ. ಎದುರಾಳಿಗಳು 10 ಗಜ ಹಿಂದೆ ನಿಲ್ಲಬೇಕು. ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಎಸೆಯುವ ಸ್ನ್ಯಾಪ್ ಇಲ್ಲ, ನುಗ್ಗಿ ಬರುವವರಿಲ್ಲ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಚೆಂಡು ನಿಲ್ಲಿಸಲು ಟೀ ಇಡುವಂತಿಲ್ಲ. ಜೊತೆಗಾರನೊಬ್ಬ ಮಂಡಿಯೂರಿ ಚೆಂಡನ್ನು ಬೆರಳ ತುದಿಯಲ್ಲಿ ಹಿಡಿಯುತ್ತಾನೆ.

ಆ ದಿನ, ಡಿಸೆಂಬರ್ 19ರಂದು, ಲಾಸ್ ಏಂಜಲೀಸ್ ಬಳಿಯ ಸೋಫೈ ಕ್ರೀಡಾಂಗಣದಲ್ಲಿ ಮೊದಲಾರ್ಧ ಮುಗಿಯುತ್ತಿತ್ತು. ಎದುರಾಳಿ ಡೆನ್ವರ್ 21–10ರಿಂದ ಮುಂದಿತ್ತು. ಅವರ ಪಂಟ್ ಹಿಡಿಯಲು ನಿಂತ ಚಾರ್ಜರ್ಸ್ ಆಟಗಾರನಿಗೆ ಡೆನ್ವರ್‌ನವನೊಬ್ಬ ಬಂದು ಅಪ್ಪಳಿಸಿದ. 15 ಗಜಗಳ ದಂಡ ಬಿದ್ದು ಚೆಂಡು ಡೆನ್ವರ್‌ನ 47 ಗಜದ ಗೆರೆಗೆ ಬಂತು. ಚಾರ್ಜರ್ಸ್‌ನ ಕ್ಯಾಮರಾನ್ ಡಿಕರ್ ಅಲ್ಲಿಂದ ಹೊಡೆದ 57 ಗಜದ ಕಿಕ್ ಕಂಬಗಳ ನಡುವೆ ಹಾದುಹೋಯಿತು. ಪಂದ್ಯವನ್ನು ಚಾರ್ಜರ್ಸ್ 34–27ರಿಂದ ಗೆದ್ದಿತು. ಅದಕ್ಕೂ ಹಿಂದೆ ಇಂಥ ಕಿಕ್ ಫಲಿಸಿದ್ದು 1976ರಲ್ಲಿ, ಅದೇ ಚಾರ್ಜರ್ಸ್‌ನ ರೇ ವರ್ಶಿಂಗ್ ಕಾಲಿನಿಂದ, 45 ಗಜ ದೂರದಿಂದ.

ಲೆಕ್ಕ ನೋಡಿ. 47 ಗಜ, ಜೊತೆಗೆ ಗೋಲ್ ಗೆರೆಯಿಂದ ಕಂಬಗಳವರೆಗಿನ ಎಂಡ್ ಝೋನಿನ 10 ಗಜ, ಒಟ್ಟು 57. ಅದೇ ಜಾಗದಿಂದ ಮಾಮೂಲಿ ಫೀಲ್ಡ್ ಗೋಲ್ ಆಗಿದ್ದರೆ ಸ್ನ್ಯಾಪ್ ಹಿಂದಕ್ಕೆ ಹೋಗುವ ಏಳೆಂಟು ಗಜವೂ ಸೇರಿ 64–65 ಆಗುತ್ತಿತ್ತು. ಮೇಲಾಗಿ, ತಡೆಯಲು ಹಾರುವ ಕೈಗಳಿಲ್ಲದ ಕಾರಣ ಚೆಂಡನ್ನು ತಗ್ಗಾಗಿ, ದೂರ ಹೋಗುವಂತೆ ಹೊಡೆಯಬಹುದು. ಲಾಭವಿರುವುದು ಇಲ್ಲಿ.

ಹಾಗಾದರೆ ಎಲ್ಲರೂ ಏಕೆ ಹೊಡೆಯುವುದಿಲ್ಲ ಎಂದು ಮರುಪ್ರಶ್ನೆ ಬರುತ್ತದೆ. ಸಾಮಾನ್ಯ ಪಂಟ್ ಹಿಡಿಯುವುದು ನಮ್ಮದೇ ಎಂಡ್ ಝೋನಿನ ಹತ್ತಿರ. ಅಲ್ಲಿಂದ ಕಂಬಕ್ಕೆ 80–90 ಗಜ. ಎದುರಾಳಿ ತನ್ನ ಗೋಲಿನ ಬಳಿ ಸಿಕ್ಕಿಬಿದ್ದು ಪಂಟ್ ಮಾಡಬೇಕು, ಅರ್ಧ ಮುಗಿಯಲು ಕೆಲವೇ ಸೆಕೆಂಡು ಉಳಿದಿರಬೇಕು. ಎರಡೂ ಕೂಡಿ ಬರುವುದು ಅಪರೂಪ. ಬಂದರೂ ದೂರ ಬಿಡಬೇಕಲ್ಲ: 2013ರಲ್ಲಿ ಫಿಲ್ ಡಾಸನ್ 71 ಗಜದಿಂದ, 2019ರಲ್ಲಿ ಲಂಡನ್ ಪಂದ್ಯದಲ್ಲಿ ಜೋಯಿ ಸ್ಲೈ 60 ಗಜದಿಂದ ಹೊಡೆದು ತಪ್ಪಿದರು. ಚೆಂಡು ಕಂಬಕ್ಕೆ ಮುಟ್ಟದಿದ್ದರೆ ಎದುರಾಳಿ ಅದನ್ನು ಹಿಡಿದು ಓಡಲೂಬಹುದು.

ಕಾಲೇಜು ಆಟದಲ್ಲಿ ಈ ನಿಯಮವಿಲ್ಲ, ಹೈಸ್ಕೂಲಿನಲ್ಲಿ ಇದೆ. ನಾನು ಕಿಕ್ಕಿಂಗ್ ಕಲಿಸುವ ಹೈಸ್ಕೂಲ್ ತಂಡಕ್ಕೆ ಒಂದು ಶುಕ್ರವಾರ ಸಂಜೆ ನಾಲ್ಕು ಸೆಕೆಂಡು ಉಳಿದಿರುವಾಗ ಎದುರಾಳಿಯ 33 ಗಜದ ಗೆರೆಯಲ್ಲಿ ಫೇರ್ ಕ್ಯಾಚ್ ಸಿಕ್ಕಿತು. ನಾನು ಕೇಳಿದಾಗ ರೆಫರಿ ಒಂದು ಕ್ಷಣ ನನ್ನ ಮುಖ ನೋಡಿ, ಜೊತೆಯವರನ್ನು ಕರೆದು ಮಾತಾಡಿ ಒಪ್ಪಿದರು. ನಮ್ಮ ಹುಡುಗ ಚೆನ್ನಾಗಿಯೇ ಹೊಡೆದ. ಚೆಂಡು ಅಡ್ಡಪಟ್ಟಿಗಿಂತ ಒಂದು ಮಾರು ಮುಂಚೆ ನೆಲಕ್ಕೆ ಬಿತ್ತು. ಅದನ್ನು ಅಭ್ಯಾಸದಲ್ಲಿ ಒಮ್ಮೆಯೂ ಮಾಡಿಸಿರಲಿಲ್ಲ, ಆ ತಪ್ಪು ನನ್ನದು. ಈಗ ಪ್ರತಿ ಗುರುವಾರ ಮಾಡಿಸುತ್ತೇನೆ.

ಪ್ರಶ್ನೆ: ಸಿಯಾಟಲ್‌ನ ಮೈಕಲ್ ಡಿಕ್ಸನ್ 2021ರಲ್ಲಿ ಒಂದೇ ಸರದಿಯಲ್ಲಿ, ತಡೆಯಲ್ಪಟ್ಟ ಚೆಂಡನ್ನೇ ಎತ್ತಿಕೊಂಡು ಎರಡನೇ ಸಲ ಪಂಟ್ ಮಾಡಿದ್ದು ಮೋಸವೇ?

ಮೋಸವಲ್ಲ, ತಡೆಯಲ್ಪಟ್ಟ ಚೆಂಡು ಆ ಸರದಿ ಶುರುವಾದ ಗೆರೆ ದಾಟದಿದ್ದರೆ, ಗೆರೆಯ ಹಿಂದಿನಿಂದ ಅದನ್ನು ಎತ್ತಿಕೊಂಡು ಮತ್ತೆ ಒದೆಯಬಹುದು.

ಪ್ರಶ್ನೆ: 2010ರ ಸೂಪರ್ ಬೌಲ್‌ನಲ್ಲಿ ಸೇಂಟ್ಸ್ ಮಾಡಿದಂತೆ ಹೇಳದೆ ಆನ್‌ಸೈಡ್ ಕಿಕ್ (ಆಟ ಆರಂಭಿಸುವ ಕಿಕ್ಕನ್ನು ಹತ್ತಿರಕ್ಕೇ ಒದ್ದು ಚೆಂಡನ್ನು ತಾವೇ ಹಿಡಿಯುವ ಯತ್ನ) ಹೊಡೆಯಬಹುದೇ?

ಎನ್‌ಎಫ್‌ಎಲ್‌ನಲ್ಲಿ 2024ರಿಂದ ಮುಂಚಿತವಾಗಿ ಹೇಳಲೇಬೇಕು.

ಪ್ರಶ್ನೆ: ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿಯುವಾಗ ಒದೆಯುವ ಡ್ರಾಪ್ ಕಿಕ್ ಏಕೆ ಮಾಯವಾಯಿತು?

1934ರಲ್ಲಿ ಚೆಂಡನ್ನು ಇನ್ನಷ್ಟು ತೆಳ್ಳಗೆ ಮಾಡಿದರು. ಪಾಸಿಗೆ ಅನುಕೂಲವಾಯಿತು, ಆದರೆ ನೆಲಕ್ಕೆ ಬಿಟ್ಟರೆ ಎತ್ತ ಪುಟಿಯುತ್ತದೆಂದು ನಂಬುವಂತಿಲ್ಲ. 1941ರ ನಂತರ ಎನ್‌ಎಫ್‌ಎಲ್‌ನಲ್ಲಿ ಅದರಿಂದ ಅಂಕ ಬಂದದ್ದು 2006ರ ಜನವರಿ 1ರಂದು, ಡಗ್ ಫ್ಲೂಟಿಯಿಂದ.

ಪ್ರಶ್ನೆ: ಮಗನಿಗೆ 14. ಕಾಲಿಗೆ ತೂಕ ಕಟ್ಟಿ ದಿನಕ್ಕೆ ನೂರು ಪಂಟ್ ಹೊಡೆಸುವ, ವಿದ್ಯಾರ್ಥಿವೇತನ ಖಚಿತ ಎನ್ನುವ ಶಿಬಿರವೊಂದಿದೆ. ಸೇರಿಸಲೇ?

ಬೇಡ. ವಿದ್ಯಾರ್ಥಿವೇತನ ಕೊಡುವುದು ಕಾಲೇಜು, ಶಿಬಿರವಲ್ಲ; ಖಚಿತ ಎಂದು ಹೇಳಿ ಹಣ ಕೇಳುವವನು ಸುಳ್ಳುಗಾರ. ಇನ್ನೂ ಬೆಳೆಯುತ್ತಿರುವ ಹುಡುಗನ ಕಾಲಿಗೆ ತೂಕ ಕಟ್ಟಿ ಬೀಸಿ ಒದೆಯಿಸಿದರೆ ಮಂಡಿಗೂ ತೊಡೆಸಂದಿಗೂ ಪೆಟ್ಟು. ಪೂರ್ತಿ ಬಲದ ಕಿಕ್ ದಿನಕ್ಕೆ 30 ದಾಟಲು ನಾನು ಬಿಡುವುದಿಲ್ಲ. ಅತಿ ಎಚ್ಚರ ಎಂದು ಪೋಷಕರು ಬೇಸರಪಟ್ಟರೂ ಬಿಡುವುದಿಲ್ಲ. ಓಡುತ್ತಾ ಒದೆಯುವ ಆಸ್ಟ್ರೇಲಿಯದ ಶೈಲಿ, ಪಂಟ್ ಮಾಡುವಂತೆ ನಟಿಸಿ ಪಾಸ್ ಎಸೆಯುವುದು ಎಲ್ಲವೂ ಆಮೇಲೆ. ಮೊದಲು ಚೆಂಡನ್ನು ಕೈಯಿಂದ ಬಿಡುವುದನ್ನು ಕಲಿಯಲಿ. ಸೊಂಟದ ಎತ್ತರದಿಂದ, ಒದೆಯದೆ, ಬರೀ ನೆಲಕ್ಕೆ ಬಿಡಲಿ. ಚೆಂಡು ಮೂತಿ ತಿರುಗಿಸದೆ, ಕೈಯಲ್ಲಿ ಮಲಗಿದ್ದಂತೆಯೇ ಬೀಳಬೇಕು. ಹತ್ತಕ್ಕೆ ಒಂಬತ್ತು ಸಲ ಹಾಗೆ ಬಿದ್ದ ದಿನ ನನಗೆ ಮತ್ತೆ ಬರೆಯಿರಿ.